ಮನೆಯ ಮೇಲಿನ ಸೌರ ಫಲಕ: ತಗಲುವ ವೆಚ್ಚವೆಷ್ಟು, ಯಾರಿಗೆ ಲಾಭ?
(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ಪಿಎಂ ಸೂರ್ಯಘರ್ ಮುಫ್ತ್ ಬಿಜ್ಲಿ ಯೋಜನೆಯು 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ದೇಶದ ಒಂದು ಕೋಟಿ ಮನೆಗಳ ಮೇಲ್ಛಾವಣಿಯಲ್ಲಿ ಸೌರ ವಿದ್ಯುತ್ ಘಟಕ ಅಳವಡಿಸುವ ಈ ಯೋಜನೆಗೆ ಕೇಂದ್ರ ಸರ್ಕಾರವು ರೂ. 75,021 ಕೋಟಿ ವೆಚ್ಚವನ್ನು ಅನುಮೋದಿಸಿದ್ದು, ಯೋಜನೆಯ ಅವಧಿಯು 2026–27ರವರೆಗೆ ಇರುತ್ತದೆ. ಅಂದಿನಿಂದ ಗ್ರಾಮ ಸಭೆಗಳಲ್ಲಿ ಸದಸ್ಯರ ಮುಂದೆ ಪದೇ ಪದೇ ಬರುತ್ತಿರುವ ಪ್ರಶ್ನೆಯೊಂದೇ: "ನಮ್ಮ ಮನೆಗೆ ಹಾಕಿಸಿದರೆ ಎಷ್ಟು ಖರ್ಚಾಗುತ್ತದೆ?"

ಯೋಜನೆಯ ಹೆಸರಿನಲ್ಲಿಯೇ ಉಚಿತ ವಿದ್ಯುತ್ ಎಂಬ ಅರ್ಥದ ಪದಗಳಿರುವುದರಿಂದ ಫಲಕಗಳೇ ಉಚಿತವಾಗಿ ದೊರೆಯುತ್ತವೆ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಫಲಕಗಳು ಉಚಿತವಲ್ಲ. ಮನೆಯವರು ಹಣ ಹಾಕಬೇಕು, ಸರ್ಕಾರವು ಅದರಲ್ಲಿ ಒಂದು ಭಾಗವನ್ನು ಆನಂತರ ಹಿಂದಿರುಗಿಸುತ್ತದೆ, ಉಳಿದುದನ್ನು ವಿದ್ಯುತ್ ಬಿಲ್ಲಿನ ಉಳಿತಾಯದಿಂದ ವರ್ಷಗಳ ಮೇಲೆ ತುಂಬಿಕೊಳ್ಳಬೇಕು. ಆದ್ದರಿಂದ ಮೊದಲೇ ಬಿಲ್ಲು ಇಲ್ಲದ ಮನೆಗೂ, ತಿಂಗಳಿಗೆ ಎರಡು ಸಾವಿರ ಕಟ್ಟುವ ಮನೆಗೂ ಒಂದೇ ಉತ್ತರ ಹೇಳಲಾಗದು. ಸದಸ್ಯರು ಗ್ರಾಮಸ್ಥರಿಗೆ ಸಲಹೆ ನೀಡುವ ಮುನ್ನ ತಿಳಿದಿರಬೇಕಾದ ಲೆಕ್ಕವನ್ನು ಇಲ್ಲಿ ವಿವರಿಸಲಾಗಿದೆ.

1. ಬೆಲೆ ಮತ್ತು ಸಹಾಯಧನ

ಒಂದು ಕಿಲೋವ್ಯಾಟ್ ಸಾಮರ್ಥ್ಯದ ಘಟಕಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಕರ್ನಾಟಕದ ಬಿಸಿಲಿನಲ್ಲಿ ಅದು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ಅಂದರೆ ತಿಂಗಳಿಗೆ ಸುಮಾರು 120 ಯೂನಿಟ್ ವಿದ್ಯುತ್ ಉತ್ಪಾದಿಸುತ್ತದೆ. ಬಯಲುಸೀಮೆಯಲ್ಲಿ ಇದು ತುಸು ಹೆಚ್ಚು. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಉತ್ಪಾದನೆ ಗಣನೀಯವಾಗಿ ಕುಸಿಯುವುದರಿಂದ ಆ ತಿಂಗಳುಗಳಲ್ಲಿ ಬಿಲ್ಲು ಮತ್ತೆ ಬರುವುದು ಸಹಜ.

ಕೇಂದ್ರದ ಸಹಾಯಧನವು ಈ ರೀತಿ ಇರುತ್ತದೆ:

– 1 ಕಿಲೋವ್ಯಾಟ್ ಘಟಕಕ್ಕೆ ರೂ. 30,000
– 2 ಕಿಲೋವ್ಯಾಟ್ ಘಟಕಕ್ಕೆ ರೂ. 60,000
– 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಘಟಕಕ್ಕೆ ರೂ. 78,000

ಮೊದಲ ಎರಡು ಕಿಲೋವ್ಯಾಟ್‌ಗಳಿಗೆ ತಲಾ ರೂ. 30,000 ದೊರೆತರೆ ಮೂರನೆಯದಕ್ಕೆ ರೂ. 18,000 ಮಾತ್ರ ದೊರೆಯುತ್ತದೆ. ಮೂರರ ಮೇಲೆ ಎಷ್ಟೇ ದೊಡ್ಡ ಘಟಕ ಹಾಕಿಸಿದರೂ ಹೆಚ್ಚುವರಿ ಸಹಾಯಧನವಿಲ್ಲ. ಈ ಅಂಶವು ಮುಂದಿನ ಲೆಕ್ಕದಲ್ಲಿ ಮಹತ್ವದ್ದಾಗಿದೆ.

ಮಾರುಕಟ್ಟೆಯ ಬೆಲೆಯು ಫಲಕದ ತಯಾರಿಕೆ, ಇನ್ವರ್ಟರಿನ ಗುಣಮಟ್ಟ, ಚಾವಣಿಯ ಸ್ವರೂಪ ಹಾಗೂ ಊರಿನ ದೂರದ ಮೇಲೆ ವ್ಯತ್ಯಾಸವಾಗುತ್ತದೆ. ಈ ಲೇಖನದಲ್ಲಿ ಉದಾಹರಣೆಗಾಗಿ 1 ಕಿಲೋವ್ಯಾಟ್ ಘಟಕಕ್ಕೆ ರೂ. 70,000, 2 ಕಿಲೋವ್ಯಾಟ್‌ಗೆ ರೂ. 1,30,000, 3 ಕಿಲೋವ್ಯಾಟ್‌ಗೆ ರೂ. 1,80,000 ಎಂದು ಹಿಡಿಯಲಾಗಿದೆ. ಸಹಾಯಧನ ಕಳೆದ ಮೇಲೆ ಮನೆಯವರ ಪಾಲಿಗೆ ಉಳಿಯುವುದು ಕ್ರಮವಾಗಿ ರೂ. 40,000, ರೂ. 70,000 ಮತ್ತು ರೂ. 1,02,000. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಅದಕ್ಕೂ ಮುಂಚೆ ಪಡೆದ ದರಪಟ್ಟಿ ಯಾರ ಬಳಿಯಾದರೂ ಇದ್ದಲ್ಲಿ ಅದನ್ನು ಬದಿಗಿಟ್ಟು ಹೊಸದಾಗಿ ಕೇಳುವುದು ಸೂಕ್ತ.

ಸಹಾಯಧನವು ಮಾರಾಟಗಾರರಿಗೆ ಹೋಗುವುದಿಲ್ಲ. ಘಟಕ ಅಳವಡಿಸಿ, ಎಸ್ಕಾಂ ಪರಿಶೀಲಿಸಿ, ನೆಟ್ ಮೀಟರ್ ಕೂರಿಸಿದ ನಂತರ ಅದು ಗ್ರಾಹಕರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅಂದರೆ ಮೊದಲಿಗೆ ಪೂರ್ಣ ಮೊತ್ತವನ್ನು ಹೊಂದಿಸಿಕೊಳ್ಳುವ ಹೊಣೆ ಮನೆಯವರದೇ.

2. ಒಂದು ಯೂನಿಟ್ ಉಳಿಸಿದರೆ ಎಷ್ಟು ಉಳಿತಾಯ?

ವಿದ್ಯುತ್ ಬಿಲ್ಲಿನಲ್ಲಿ ಎರಡು ಭಾಗಗಳಿವೆ. ಒಂದು, ಬಳಸಿದ ಯೂನಿಟ್‌ಗಳಿಗೆ ತಕ್ಕ ಶುಲ್ಕ. ಇನ್ನೊಂದು, ಮಂಜೂರಾದ ಲೋಡಿಗೆ ತಕ್ಕಂತೆ ಪ್ರತಿ ತಿಂಗಳೂ ಬರುವ ನಿಗದಿತ ಶುಲ್ಕ. ಸೌರ ಫಲಕವು ಮೊದಲನೆಯದನ್ನು ಮಾತ್ರ ತಗ್ಗಿಸುತ್ತದೆ. ಎರಡನೆಯದನ್ನು ತಗ್ಗಿಸುವುದಿಲ್ಲ, ಕೆಲವೊಮ್ಮೆ ಹೆಚ್ಚಿಸುತ್ತದೆ.

2025–26ರ ದರದಂತೆ ಗೃಹಬಳಕೆಯ ಯೂನಿಟ್ಟಿಗೆ ರೂ. 5.80 ಹಾಗೂ ಪ್ರತಿ ಕಿಲೋವ್ಯಾಟ್ ಮಂಜೂರಾದ ಲೋಡಿಗೆ ತಿಂಗಳಿಗೆ ರೂ. 145 ನಿಗದಿತ ಶುಲ್ಕ ಇರುತ್ತದೆ. ಯೂನಿಟ್ ದರದ ಮೇಲೆ ಶೇ. 9ರ ವಿದ್ಯುತ್ ತೆರಿಗೆ ಮತ್ತು ನೌಕರರ ಪಿಂಚಣಿ ಬಾಬ್ತಿನ 36 ಪೈಸೆ ಸೇರುತ್ತವೆ. ಹೀಗಾಗಿ ಉಳಿಸಿದ ಒಂದು ಯೂನಿಟ್ಟಿನ ಬೆಲೆಯನ್ನು, ತುಸು ಕಡಿಮೆಯಾಗಿಯೇ, ರೂ. 6.50 ಎಂದು ಹಿಡಿಯಬಹುದು.

ಹಳ್ಳಿಯ ಬಹುಪಾಲು ಮನೆಗಳ ಮಂಜೂರಾದ ಲೋಡ್ 1 ಕಿಲೋವ್ಯಾಟ್ ಅಥವಾ ಅದಕ್ಕಿಂತ ಕಡಿಮೆ. ಅಂತಹ ಮನೆಗೆ 3 ಕಿಲೋವ್ಯಾಟ್ ಘಟಕ ಹಾಕಬೇಕಾದರೆ ಲೋಡನ್ನೂ 3 ಕಿಲೋವ್ಯಾಟ್‌ಗೆ ಏರಿಸಬೇಕಾಗುತ್ತದೆ. ಆಗ ನಿಗದಿತ ಶುಲ್ಕವು ತಿಂಗಳಿಗೆ ರೂ. 290ರಷ್ಟು, ವರ್ಷಕ್ಕೆ ರೂ. 3,480ರಷ್ಟು ಹೆಚ್ಚುತ್ತದೆ. ಮಾರಾಟಗಾರರ ಕರಪತ್ರಗಳಲ್ಲಿ ಈ ಮೊತ್ತವು ಸಾಮಾನ್ಯವಾಗಿ ಕಾಣಸಿಗುವುದಿಲ್ಲ.

3. ಮೂರು ಮನೆಗಳ ಲೆಕ್ಕ

ಮೊದಲನೆಯ ಮನೆ: ತಿಂಗಳ ಬಳಕೆ 260 ಯೂನಿಟ್. ಫ್ರಿಜ್, ಗೀಸರ್, ನೀರೆತ್ತುವ ಮೋಟಾರು ಇರುವ ತಾರಸಿ ಮನೆ. ಬಳಕೆ 200 ಯೂನಿಟ್ ಮೀರಿರುವುದರಿಂದ ಗೃಹಜ್ಯೋತಿಯ ಪ್ರಯೋಜನವಿಲ್ಲದೆ ಪೂರ್ಣ ಬಿಲ್ಲು ಪಾವತಿಸುತ್ತದೆ. ಮಂಜೂರಾದ ಲೋಡ್ 1 ಕಿಲೋವ್ಯಾಟ್.

ಈ ಮನೆಗೆ 2 ಕಿಲೋವ್ಯಾಟ್ ಘಟಕ ಹಾಕಿಸಿದರೆ ತಿಂಗಳಿಗೆ ಸುಮಾರು 240 ಯೂನಿಟ್ ದೊರೆಯುತ್ತದೆ. ಉಳಿತಾಯ ರೂ. 1,560. ಹೆಚ್ಚಿದ ನಿಗದಿತ ಶುಲ್ಕ ರೂ. 145 ಕಳೆದರೆ ನಿವ್ವಳ ರೂ. 1,415, ವರ್ಷಕ್ಕೆ ರೂ. 16,980. ಮನೆಯವರ ಪಾಲಿನ ರೂ. 70,000 ಸುಮಾರು ನಾಲ್ಕು ವರ್ಷ ಒಂದೆರಡು ತಿಂಗಳಲ್ಲಿ ಹಿಂದಿರುಗುತ್ತದೆ. ಫಲಕಗಳ ಬಾಳಿಕೆ 25 ವರ್ಷ ಎಂದು ಪರಿಗಣಿಸುವುದರಿಂದ ಇದು ಒಳ್ಳೆಯ ಹೂಡಿಕೆ.

ಇದೇ ಮನೆಗೆ 3 ಕಿಲೋವ್ಯಾಟ್ ಹಾಕಿಸಿದರೆ 360 ಯೂನಿಟ್ ಉತ್ಪಾದನೆ. ಮನೆಯ ಬಳಕೆ 260 ಮಾತ್ರ. ಉಳಿದ 100 ಯೂನಿಟ್ ಎಸ್ಕಾಂ ಜಾಲಕ್ಕೆ ಹೋಗುತ್ತದೆ. ಹೀಗೆ ಹೋದ ಹೆಚ್ಚುವರಿ ವಿದ್ಯುತ್ತಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸುವ ದರವು ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಯೂನಿಟ್ಟಿಗೆ ರೂ. 2 ಎಂದು ಲೆಕ್ಕಕ್ಕೆ ಹಿಡಿದರೆ, 260 ಯೂನಿಟ್ಟಿನ ಉಳಿತಾಯ ರೂ. 1,690, ಮಾರಾಟದಿಂದ ರೂ. 200, ಹೆಚ್ಚಿದ ನಿಗದಿತ ಶುಲ್ಕ ರೂ. 290 ಕಳೆದು ನಿವ್ವಳ ರೂ. 1,600. ಅಂದರೆ ಮೂರನೆಯ ಕಿಲೋವ್ಯಾಟ್‌ಗಾಗಿ ಕೈಯಿಂದ ಹೆಚ್ಚುವರಿಯಾಗಿ ರೂ. 32,000 ಹಾಕಿದ್ದಕ್ಕೆ ತಿಂಗಳಿಗೆ ಬರುವುದು ಕೇವಲ ರೂ. 185. ಆ ರೂ. 32,000 ಹಿಂದಿರುಗಲು 14 ವರ್ಷಗಳಿಗೂ ಹೆಚ್ಚು ಬೇಕು.

"ಸಹಾಯಧನ ರೂ. 78,000 ಪೂರ್ತಿ ಪಡೆಯಬೇಕಾದರೆ ಮೂರು ಕಿಲೋವ್ಯಾಟ್ ಹಾಕಿಸಿ" ಎಂಬ ಮಾತು ಗ್ರಾಮಗಳಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ಘಟಕದ ಗಾತ್ರವನ್ನು ನಿರ್ಧರಿಸಬೇಕಾದದ್ದು ಸಹಾಯಧನದ ಗರಿಷ್ಠ ಮಿತಿಯಲ್ಲ, ಮನೆಯ ಹನ್ನೆರಡು ತಿಂಗಳ ಬಿಲ್ಲು.

ಎರಡನೆಯ ಮನೆ: ತಿಂಗಳ ಬಳಕೆ 70 ಯೂನಿಟ್. ನಾಲ್ಕು ದೀಪ, ಎರಡು ಫ್ಯಾನು, ಟಿವಿ, ಮಿಕ್ಸಿ. ಗೃಹಜ್ಯೋತಿಯ ಅರ್ಹ ಯೂನಿಟ್‌ಗಳೊಳಗೆ ಬಳಕೆ ಇರುವುದರಿಂದ ಶೂನ್ಯ ಬಿಲ್ಲು.

ಈ ಮನೆಯವರು 1 ಕಿಲೋವ್ಯಾಟ್ ಘಟಕ ಹಾಕಿಸಿ, ಕೈಯಿಂದ ರೂ. 4,000 ಕಟ್ಟಿ, ಸಹಾಯಧನ ಜಮೆಯಾದ ಮೇಲೆ ಉಳಿಯುವ ರೂ. 36,000 ಸಾಲವನ್ನು ಶೇ. 7ರ ಬಡ್ಡಿಯಲ್ಲಿ ಐದು ವರ್ಷ ತೀರಿಸುವುದಾದರೆ ತಿಂಗಳ ಕಂತು ಸುಮಾರು ರೂ. 713. ಬಿಲ್ಲಿನಲ್ಲಿ ಉಳಿತಾಯ ಶೂನ್ಯ, ಏಕೆಂದರೆ ಉಳಿಸಲು ಬಿಲ್ಲೇ ಇಲ್ಲ. ಕೂಲಿಯಿಂದ ನಡೆಯುವ ಸಂಸಾರವೊಂದರ ಮೇಲೆ ಇಲ್ಲದ ಕಂತೊಂದನ್ನು ಹೊರಿಸಿದಂತಾಗುತ್ತದೆ. ಗೃಹಜ್ಯೋತಿ ಜಾರಿಯಲ್ಲಿರುವವರೆಗೆ ಇಂತಹ ಮನೆಗಳಿಗೆ ಸಾಲ ಮಾಡಿ ಫಲಕ ಹಾಕಿಸುವಂತೆ ಸಲಹೆ ನೀಡುವುದು ತರವಲ್ಲ.

ಮೂರನೆಯ ಮನೆ: ತಿಂಗಳ ಬಳಕೆ 210 ಯೂನಿಟ್. 200ರ ಗೆರೆಯನ್ನು ಹತ್ತೇ ಯೂನಿಟ್‌ಗಳಲ್ಲಿ ದಾಟಿದ ಕಾರಣಕ್ಕೆ ಇಡೀ ಬಿಲ್ಲು ಕಟ್ಟುತ್ತಿರುವ ಮನೆ. ಯೂನಿಟ್ ಬಾಬ್ತು ಒಂದೇ ತಿಂಗಳಿಗೆ ಸುಮಾರು ರೂ. 1,365.

ಇಲ್ಲಿ ಮೊದಲು ನೋಡಬೇಕಾದದ್ದು ಫಲಕವಲ್ಲ, ಮನೆಯೊಳಗಿನ ಉಪಕರಣಗಳು. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಹತ್ತು ಗಂಟೆ ತಿರುಗುವ ಎರಡು ಫ್ಯಾನುಗಳನ್ನು ಬದಲಿಸಿದರೆ ತಿಂಗಳಿಗೆ 27 ಯೂನಿಟ್ ಉಳಿಯುತ್ತದೆ. 2 ಕಿಲೋವ್ಯಾಟ್ ಗೀಸರನ್ನು ದಿನಕ್ಕೆ ಒಂದು ಗಂಟೆ ಉರಿಸುವ ಮನೆಯಲ್ಲಿ ಅದೊಂದೇ ತಿಂಗಳಿಗೆ 60 ಯೂನಿಟ್ ತಿನ್ನುತ್ತದೆ. ಬಚ್ಚಲೊಲೆ ಅಥವಾ ಸೌರ ನೀರು ಕಾಯಿಸುವ ಸಾಧನಕ್ಕೆ ಬದಲಾದರೆ ಬಳಕೆ 150ಕ್ಕೆ ಇಳಿಯುತ್ತದೆ. ಬಳಕೆಯು 200ರ ಒಳಗೆ ಬಂದಾಗ, 2022–23ರ ಸರಾಸರಿಯ ಆಧಾರದಲ್ಲಿ ಆ ಮನೆಗೆ ನಿಗದಿಯಾದ ಅರ್ಹ ಯೂನಿಟ್‌ಗಳನ್ನು ಮೀರಿದ ಭಾಗಕ್ಕೆ ಮಾತ್ರ ಹಣ ಕಟ್ಟಿದರೆ ಸಾಕು. ಕೆಲವೇ ಸಾವಿರದ ಖರ್ಚಿನಲ್ಲಿ ಆಗುವ ಕೆಲಸಕ್ಕೆ ಎಪ್ಪತ್ತು ಸಾವಿರ ಹಾಕಬೇಕಾಗಿಲ್ಲ.

ಗೃಹಜ್ಯೋತಿಯ ಫಲಾನುಭವಿಗಳು ಸೌರ ಘಟಕಕ್ಕೆ ಅರ್ಜಿ ಸಲ್ಲಿಸುವ ಮೊದಲು, ಘಟಕ ಅಳವಡಿಸಿದ ನಂತರ ತಮ್ಮ ಆರ್.ಆರ್. ಸಂಖ್ಯೆಗೆ ಗೃಹಜ್ಯೋತಿ ಹೇಗೆ ಅನ್ವಯವಾಗುವುದು ಎಂಬುದನ್ನು ಎಸ್ಕಾಂನ ಉಪವಿಭಾಗ ಕಛೇರಿಯಿಂದ ಲಿಖಿತವಾಗಿ ಪಡೆದುಕೊಳ್ಳತಕ್ಕದ್ದು.

4. ಸಾಲದ ಲೆಕ್ಕ

3 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ಸಾರ್ವಜನಿಕ ವಲಯದ ಬ್ಯಾಂಕುಗಳು ಆಸ್ತಿ ಅಡಮಾನವಿಲ್ಲದೆ ಸಾಲ ನೀಡುತ್ತಿವೆ. ಬಡ್ಡಿಯು ರಿಸರ್ವ್ ಬ್ಯಾಂಕಿನ ರೆಪೋ ದರಕ್ಕೆ ಹೊಂದಿಕೊಂಡಿರುವುದರಿಂದ ಕಾಲಕಾಲಕ್ಕೆ ಬದಲಾಗುತ್ತದೆ. ಸಾಮಾನ್ಯವಾಗಿ ವೆಚ್ಚದ ಶೇ. 10ರಷ್ಟನ್ನು ಸಾಲಗಾರರು ಕೈಯಿಂದ ಹಾಕಬೇಕು.

ಮೊದಲನೆಯ ಮನೆಯ ಉದಾಹರಣೆಯಲ್ಲಿ ರೂ. 1,30,000 ವೆಚ್ಚಕ್ಕೆ ಕೈಯಿಂದ ರೂ. 13,000, ಸಾಲ ರೂ. 1,17,000. ಸಹಾಯಧನ ರೂ. 60,000 ಸಾಲದ ಖಾತೆಗೆ ಜಮೆಯಾದ ಮೇಲೆ ಬಾಕಿ ರೂ. 57,000. ಶೇ. 7ರ ಬಡ್ಡಿಯಲ್ಲಿ ಐದು ವರ್ಷದ ಕಂತು ಸುಮಾರು ರೂ. 1,129. ತಿಂಗಳ ನಿವ್ವಳ ಉಳಿತಾಯ ರೂ. 1,415 ಆಗಿರುವುದರಿಂದ ಕಂತು ಉಳಿತಾಯದಲ್ಲಿಯೇ ತೀರುತ್ತದೆ. ಆದರೆ ಸಹಾಯಧನ ಬರುವವರೆಗೆ ಬಡ್ಡಿಯು ಪೂರ್ಣ ಮೊತ್ತದ ಮೇಲೆ ನಡೆಯುತ್ತದೆ. ದಾಖಲೆಗಳ ಲೋಪದಿಂದ ಸಹಾಯಧನ ತಡವಾದಲ್ಲಿ ಆ ಹೊರೆಯನ್ನು ಮನೆಯವರೇ ಹೊರಬೇಕಾಗುತ್ತದೆ.

ಸದಸ್ಯರು ನೆನಪಿಡಬಹುದಾದ ಸರಳ ನಿಯಮ ಇಷ್ಟೇ: ತಿಂಗಳ ಕಂತು ತಿಂಗಳ ಉಳಿತಾಯಕ್ಕಿಂತ ಹೆಚ್ಚಿದ್ದರೆ ಆ ಮನೆ ಅವಸರ ಪಡುವುದು ಬೇಡ.

5. ಅರ್ಜಿ ನಿಲ್ಲುವುದು ಎಲ್ಲಿ?

ಅರ್ಜಿಯನ್ನು ಪಿಎಂ ಸೂರ್ಯಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. 10 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ತಾಂತ್ರಿಕ ಸಾಧ್ಯತೆಯ ಪ್ರತ್ಯೇಕ ಅಧ್ಯಯನವಿಲ್ಲದೆ ಅನುಮತಿ ದೊರೆಯುವಂತೆ 2024ರಲ್ಲಿ ನಿಯಮ ತಿದ್ದುಪಡಿಯಾಗಿದೆ. ಆದ್ದರಿಂದ ಈಗ ತೊಡಕು ತಾಂತ್ರಿಕವಾದುದಲ್ಲ, ದಾಖಲೆಯದು.

ಹಳ್ಳಿಗಳಲ್ಲಿ ಅನೇಕ ಮನೆಗಳ ಮೀಟರು ಇನ್ನೂ ತೀರಿಕೊಂಡ ತಂದೆಯ ಅಥವಾ ತಾತನ ಹೆಸರಿನಲ್ಲಿದೆ. ಅರ್ಜಿದಾರರ ಹೆಸರು, ವಿದ್ಯುತ್ ಬಿಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಹೊಂದಾಣಿಕೆಯಾಗದಿದ್ದಲ್ಲಿ ಸಹಾಯಧನ ತಡೆಯಾಗುತ್ತದೆ. ಫಲಕ ಕೂರಿಸಿದ ಮೇಲೆ ಈ ಲೋಪ ಪತ್ತೆಯಾದರೆ ಹಣ ಹಾಕಿ ಕಾಯುವ ಸ್ಥಿತಿ ಬರುತ್ತದೆ. ಸೋದರರ ನಡುವೆ ಪಾಲಾಗದ ಮನೆಯಾದರೆ ಚಾವಣಿ ಯಾರದೆಂಬ ತಕರಾರೂ ಏಳಬಹುದು.

ಇದು ಗ್ರಾಮ ಪಂಚಾಯಿತಿಯು ನೇರವಾಗಿ ನೆರವಾಗಬಹುದಾದ ಜಾಗ. ಮನೆಯ ಖಾತೆ ಹಾಗೂ ಇ-ಸ್ವತ್ತು ದಾಖಲೆ ಸರಿಪಡಿಸಿಕೊಂಡು, ಅದರ ಆಧಾರದಲ್ಲಿ ಎಸ್ಕಾಂನಲ್ಲಿ ಆರ್.ಆರ್. ಸಂಖ್ಯೆಯ ಹೆಸರು ಬದಲಾಯಿಸಿಕೊಂಡ ನಂತರವೇ ಸೌರ ಅರ್ಜಿ ಸಲ್ಲಿಸುವಂತೆ ಸದಸ್ಯರು ತಮ್ಮ ಕ್ಷೇತ್ರದ ಮನೆಗಳಿಗೆ ತಿಳಿಸತಕ್ಕದ್ದು. ಬಾಕಿ ಬಿಲ್ಲು ಇದ್ದಲ್ಲಿ ಅದನ್ನೂ ಮೊದಲು ತೀರಿಸಿಕೊಳ್ಳಬೇಕು.

6. ದರಪಟ್ಟಿಯಲ್ಲಿ ನೋಡಬೇಕಾದ ಅಂಶಗಳು

– ಮಾರಾಟಗಾರರು ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿತರಾಗಿರಬೇಕು. ಕನಿಷ್ಠ ಮೂವರಿಂದ ದರ ಪಡೆದು ಹೋಲಿಸಬೇಕು.

– ಫಲಕಗಳು ಭಾರತದಲ್ಲಿ ತಯಾರಾದ ಕೋಶಗಳಿಂದ ಭಾರತದಲ್ಲಿಯೇ ಜೋಡಿಸಿದವಾಗಿರಬೇಕು. ಇಲ್ಲವಾದಲ್ಲಿ ಸಹಾಯಧನ ದೊರೆಯುವುದಿಲ್ಲ. ಕಡಿಮೆ ಬೆಲೆಯ ಆಮದು ಫಲಕ ತೋರಿಸಿ ಸಹಾಯಧನದ ಭರವಸೆ ನೀಡುವವರ ಬಗ್ಗೆ ಎಚ್ಚರವಿರಲಿ.

– ಫಲಕ, ಇನ್ವರ್ಟರ್, ಕಬ್ಬಿಣದ ಚೌಕಟ್ಟು, ಕೇಬಲ್, ಅರ್ಥಿಂಗ್, ಸಿಡಿಲು ನಿರೋಧಕ ಇವುಗಳ ದರ ಮತ್ತು ತಯಾರಿಕೆಯ ವಿವರ ಪ್ರತ್ಯೇಕವಾಗಿ ಬರೆದಿರಬೇಕು. ಬೆಲೆ ತಗ್ಗಿಸುವ ನೆಪದಲ್ಲಿ ಅರ್ಥಿಂಗ್ ಮತ್ತು ಸಿಡಿಲು ನಿರೋಧಕವನ್ನು ಬಿಟ್ಟುಬಿಡುವುದು ಜೀವಕ್ಕೆ ಅಪಾಯ.

– ಹಂಚಿನ ಅಥವಾ ತಗಡಿನ ಮನೆಯಾದರೆ ಚೌಕಟ್ಟಿನ ವೆಚ್ಚ ಹೆಚ್ಚು. 500 ವ್ಯಾಟ್ ಮೀರಿದ ಒಂದು ಫಲಕವೇ ಸುಮಾರು 28 ಕಿಲೋ ತೂಗುತ್ತದೆ. ಹಳೆಯ ಮರದ ತೊಲೆಗಳು ಆ ಭಾರವನ್ನೂ ಗಾಳಿಯ ಎಳೆತವನ್ನೂ ತಾಳುವುವೇ ಎಂದು ಪರೀಕ್ಷಿಸದೆ ಮುಂದುವರಿಯಬಾರದು.

– ತೆಂಗಿನ ಗರಿಯ ನೆರಳು ಒಂದು ಫಲಕದ ಮೇಲೆ ಬಿದ್ದರೂ ಆ ಸಾಲಿನ ಎಲ್ಲ ಫಲಕಗಳ ಉತ್ಪಾದನೆ ಇಳಿಯಬಹುದು. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಚಾವಣಿಯ ಮೇಲಿನ ನೆರಳನ್ನು ಖುದ್ದಾಗಿ ನೋಡಬೇಕು.

– ಐದು ವರ್ಷಗಳ ನಿರ್ವಹಣೆ ಮಾರಾಟಗಾರರ ಹೊಣೆ. ಅದು ಒಪ್ಪಂದದಲ್ಲಿ ಬರೆದಿರಬೇಕು. ಪೂರ್ತಿ ಹಣವನ್ನು ಮುಂಗಡವಾಗಿ ಕೊಡಬಾರದು. ಕೊನೆಯ ಕಂತನ್ನು ನೆಟ್ ಮೀಟರ್ ಕೂರಿಸಿದ ಮೇಲೆ ಕೊಡುವಂತೆ ಒಪ್ಪಂದ ಮಾಡಿಕೊಳ್ಳುವುದು ಕ್ಷೇಮ.

ಘಟಕ ಹಾಕಿಸಿದ ನಂತರವೂ ಖರ್ಚಿದೆ. ದೂಳು ಹೆಚ್ಚಿರುವ ಊರುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಫಲಕ ತೊಳೆಯಬೇಕು. ಇನ್ವರ್ಟರಿನ ಬಾಳಿಕೆ ಫಲಕದಷ್ಟಿಲ್ಲ, ಹತ್ತು ಹನ್ನೆರಡು ವರ್ಷಗಳಲ್ಲಿ ಒಮ್ಮೆ ಬದಲಿಸಬೇಕಾಗಿ ಬರುತ್ತದೆ. ಅದಕ್ಕೆಂದು ವರ್ಷಕ್ಕೆ ಎರಡು ಮೂರು ಸಾವಿರ ತೆಗೆದಿಡುವುದು ವಿವೇಕ.

7. ಕರೆಂಟು ಹೋದಾಗ ಏನಾಗುತ್ತದೆ?

ಸೌರ ಫಲಕವಿದ್ದರೆ ಕರೆಂಟು ಹೋದರೂ ಮನೆಯಲ್ಲಿ ದೀಪ ಉರಿಯುತ್ತದೆ ಎಂಬುದು ವ್ಯಾಪಕವಾದ ನಂಬಿಕೆ. ಈ ಯೋಜನೆಯ ಸಾಮಾನ್ಯ ಘಟಕಗಳಲ್ಲಿ ಹಾಗಾಗುವುದಿಲ್ಲ. ಅವು ಎಸ್ಕಾಂ ಜಾಲಕ್ಕೆ ಜೋಡಿಸಿದವಾದ್ದರಿಂದ ಜಾಲದಲ್ಲಿ ವಿದ್ಯುತ್ ನಿಂತ ಕ್ಷಣವೇ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ನಡುಹಗಲಿನ ಉರಿಬಿಸಿಲಿನಲ್ಲಿಯೂ ಮನೆಗೆ ವಿದ್ಯುತ್ ಬರುವುದಿಲ್ಲ.

ಇದು ದೋಷವಲ್ಲ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್ ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ನಂಬಿರುತ್ತಾರೆ. ಅದೇ ಹೊತ್ತಿಗೆ ಮನೆಯೊಂದರ ಚಾವಣಿಯಿಂದ ವಿದ್ಯುತ್ ತಂತಿಗೆ ಹರಿದರೆ ಪ್ರಾಣಾಪಾಯ. ಆ ಕಾರಣಕ್ಕಾಗಿಯೇ ಈ ಸುರಕ್ಷತಾ ವ್ಯವಸ್ಥೆ ಕಡ್ಡಾಯ. ಇದನ್ನು ತಪ್ಪಿಸುವ ಯಾವುದೇ ಅಡ್ಡಜೋಡಣೆಗೆ ಯಾರೂ ಕೈಹಾಕಬಾರದೆಂದು ಸದಸ್ಯರು ಸ್ಪಷ್ಟವಾಗಿ ಹೇಳತಕ್ಕದ್ದು. ಕರೆಂಟು ಹೋದಾಗಲೂ ವಿದ್ಯುತ್ ಬೇಕಾದವರು ಬ್ಯಾಟರಿ ಸಹಿತವಾದ ಘಟಕ ಹಾಕಿಸಬೇಕು. ಬ್ಯಾಟರಿಯ ವೆಚ್ಚಕ್ಕೆ ಈ ಯೋಜನೆಯಲ್ಲಿ ಪ್ರತ್ಯೇಕ ಸಹಾಯಧನವಿಲ್ಲ, ಮತ್ತು ಮೇಲಿನ ಲೆಕ್ಕಗಳಲ್ಲಿ ಅದು ಸೇರಿಲ್ಲ.

8. ಪಂಚಾಯಿತಿಯ ಪಾತ್ರ

ತನ್ನ ವ್ಯಾಪ್ತಿಯಲ್ಲಿ ಅಳವಡಿಕೆಯಾದ ಪ್ರತಿ ಮನೆಗೆ ಸ್ಥಳೀಯ ಸಂಸ್ಥೆಗೆ ರೂ. 1,000 ಪ್ರೋತ್ಸಾಹಧನ ನೀಡಲು ಯೋಜನೆಯಲ್ಲಿ ಅವಕಾಶವಿದೆ. ಜಿಲ್ಲೆಗೊಂದು ಮಾದರಿ ಸೌರ ಗ್ರಾಮವನ್ನು ಸ್ಪರ್ಧೆಯ ಮೂಲಕ ಆರಿಸಿ ರೂ. 1 ಕೋಟಿ ಅನುದಾನ ನೀಡುವ ಅಂಶವೂ ಇದೆ. ಅದಕ್ಕೆ 5,000ಕ್ಕಿಂತ ಹೆಚ್ಚು ಜನಸಂಖ್ಯೆಯ ಕಂದಾಯ ಗ್ರಾಮಗಳನ್ನು ಪರಿಗಣಿಸಲಾಗುತ್ತದೆ. ಇವು ಪಂಚಾಯಿತಿಗೆ ಉಪಯುಕ್ತವಾದ ಮೊತ್ತಗಳೇ. ಆದರೆ ಪಂಚಾಯಿತಿಗೆ ಬರುವ ಒಂದು ಸಾವಿರಕ್ಕಾಗಿ ಶೂನ್ಯ ಬಿಲ್ಲಿನ ಮನೆಯೊಂದು ನಲವತ್ತು ಸಾವಿರದ ಹೊರೆ ಹೊರುವಂತಾಗಬಾರದು. ಸಂಖ್ಯೆ ಹೆಚ್ಚಿಸುವ ಉತ್ಸಾಹದಲ್ಲಿ ಒಮ್ಮೆ ಕೈಸುಟ್ಟುಕೊಂಡ ಕುಟುಂಬವು ಮುಂದೆ ಪಂಚಾಯಿತಿಯ ಯಾವ ಮಾತನ್ನೂ ನಂಬುವುದಿಲ್ಲ.

ಆದ್ದರಿಂದ ಸದಸ್ಯರು ತಮ್ಮ ಕ್ಷೇತ್ರದಲ್ಲಿ ಈ ಕ್ರಮವನ್ನು ಅನುಸರಿಸುವುದು ಸೂಕ್ತ:

– ಮೊದಲು ತಿಂಗಳಿಗೆ 200 ಯೂನಿಟ್ ಮೀರಿ ಬಳಸುವ ಮನೆಗಳನ್ನು ಗುರುತಿಸುವುದು. ಯೋಜನೆಯ ನಿಜವಾದ ಲಾಭ ಅವರಿಗೇ.

– ಪ್ರತಿ ಮನೆಯ ಹನ್ನೆರಡು ತಿಂಗಳ ಬಿಲ್ಲು ಮುಂದಿಟ್ಟುಕೊಂಡು, ಈ ಲೇಖನದ ಲೆಕ್ಕದಂತೆ ಘಟಕದ ಗಾತ್ರ ಮತ್ತು ಕಂತನ್ನು ಮನೆಯವರ ಎದುರಿಗೇ ಬರೆದು ತೋರಿಸುವುದು.

– ಅರ್ಜಿ ಸಲ್ಲಿಸಲು ಬಾಪೂಜಿ ಸೇವಾ ಕೇಂದ್ರದ ನೆರವು ಕೊಡಿಸುವುದು. ಮೊಬೈಲಿಗೆ ಬರುವ "ಉಚಿತ ಸೋಲಾರ್" ಸಂದೇಶಗಳ ಕೊಂಡಿಗಳನ್ನು ಒತ್ತದಂತೆ, ಒಟಿಪಿ ಹಂಚಿಕೊಳ್ಳದಂತೆ ಎಚ್ಚರಿಸುವುದು.

– ಯಾವುದೇ ಒಬ್ಬ ಮಾರಾಟಗಾರರ ಪರವಾಗಿ ಸದಸ್ಯರು ಶಿಫಾರಸು ಮಾಡದಿರುವುದು.

– ಪಂಪ್‌ಸೆಟ್ಟಿಗೆ ಸೌರಶಕ್ತಿ ಬಯಸುವ ರೈತರಿಗೆ ಇದು ಬೇರೆ ಯೋಜನೆಯೆಂದು ತಿಳಿಸಿ ಪಿಎಂ ಕುಸುಮ್ ಯೋಜನೆಯ ಮಾಹಿತಿ ನೀಡುವುದು. ಪಂಚಾಯಿತಿ ಕಟ್ಟಡ, ಶಾಲೆ, ನೀರು ಸರಬರಾಜು ಸ್ಥಾವರಗಳಿಗೆ ಮನೆಗಳ ಈ ಸಹಾಯಧನ ಅನ್ವಯಿಸುವುದಿಲ್ಲ.

ಮುಂದಿನ ಗ್ರಾಮ ಸಭೆಯಲ್ಲಿ "ನಮ್ಮ ಮನೆಗೆ ಎಷ್ಟು ಖರ್ಚಾಗುತ್ತದೆ?" ಎಂಬ ಪ್ರಶ್ನೆ ಬಂದಾಗ ಸದಸ್ಯರು ಮೊದಲು ಕೇಳಬೇಕಾದ ಮರುಪ್ರಶ್ನೆ, "ನಿಮ್ಮ ಮನೆಯ ಬಿಲ್ಲು ಎಷ್ಟು ಬರುತ್ತಿದೆ?" ಎಂಬುದು. ಆ ಬಿಲ್ಲಿನ ಹಾಳೆಯಿಂದ ಲೆಕ್ಕ ಆರಂಭಿಸಿದಲ್ಲಿ, ಹಾಕಿಸಬೇಕಾದ ಮನೆ ಧೈರ್ಯವಾಗಿ ಹಾಕಿಸುತ್ತದೆ, ಬೇಡವಾದ ಮನೆ ಸಾಲದಿಂದ ಉಳಿಯುತ್ತದೆ.